ಕಲ್ಲೆಸೆದ ಕೈ ಮತ್ತು ಇಡೀ ಗ್ಯಾಲರಿ

ನನ್ನ ಅಕ್ಕನ ಮಗನಿಗೆ ಫುಟ್ಬಾಲಿನ ಹುಚ್ಚು. ಬೆಂಗಳೂರು ಎಫ್‌ಸಿಯ ಆಟ ಕಂಠೀರವ ಕ್ರೀಡಾಂಗಣದಲ್ಲಿದ್ದರೆ ನೀಲಿ ಅಂಗಿ ತೊಟ್ಟು ಮಾರಿಕುಪ್ಪಂನಲ್ಲಿ ರೈಲು ಹತ್ತುತ್ತಾನೆ. ಆಟ ಮುಗಿಯುವ ಹೊತ್ತಿಗೆ ನಮ್ಮೂರಿಗೆ ಬರುವ ರೈಲು ಸಿಗದಿದ್ದರೆ ಬಂಗಾರಪೇಟೆಯಲ್ಲಿ ಇಳಿದು ಬೆಳಗಿನ ತನಕ ಪ್ಲಾಟ್‌ಫಾರ್ಮಿನಲ್ಲಿ ಕೂರುತ್ತಾನೆ. ಅಂಥ ಒಂದು ಬೆಳಿಗ್ಗೆ ಮನೆಗೆ ಬಂದವನು ನನ್ನ ಮೇಜಿನ ಮೇಲಿದ್ದ ಇಂಗ್ಲಿಷ್ ಪುಸ್ತಕವನ್ನು ಎತ್ತಿಕೊಂಡ. ಹಿಂಬದಿಯ ಮಾತುಗಳನ್ನು ಓದಿ, "ಮಾಮು, ಯೆ ಹಮಾರೆ ಬಾರೆ ಮೇ ಹೈ ಕ್ಯಾ?" ಎಂದು ಕೇಳಿದ. ಇದು ನಮ್ಮ ಬಗ್ಗೆ ಬರೆದದ್ದೇ ಎಂದು. ಅಲ್ಲ, ಫುಟ್ಬಾಲ್ ನೋಡಲು ಹೋಗಿ ಊರು ಒಡೆಯುವವರ ಬಗ್ಗೆ ಎಂದೆ. "ಗೇಟಿನಲ್ಲಿ ನಮ್ಮ ಜೇಬು ತಡಕುವವರಿಗೆ ಆ ವ್ಯತ್ಯಾಸ ಗೊತ್ತಿದೆಯಾ?" ಎಂದು ನಕ್ಕು ಮಲಗಲು ಹೋದ. ಅವನ ಆ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡೇ ನಾನು ಪುಸ್ತಕವನ್ನು ಎರಡನೆಯ ಸಲ ಓದಿದೆ. ಈ ಬರಹ ಆ ಎರಡನೆಯ ಓದಿನ ಫಲ.

ಪುಸ್ತಕದ ಹೆಸರು 'ಅಮಾಂಗ್ ದಿ ಥಗ್ಸ್'. ಬರೆದವರು ಬಿಲ್ ಬುಫೋರ್ಡ್. ಅಮೆರಿಕದವರಾದ ಬುಫೋರ್ಡ್ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 'ಗ್ರಾಂಟಾ' ಎಂಬ ಸಾಹಿತ್ಯ ಪತ್ರಿಕೆಯ ಸಂಪಾದಕರಾಗಿದ್ದರು. 1982ರಲ್ಲಿ ವೇಲ್ಸ್‌ನ ಒಂದು ರೈಲು ನಿಲ್ದಾಣದಲ್ಲಿ, ಫುಟ್ಬಾಲ್ ಅಭಿಮಾನಿಗಳು ತಾವು ಕುಳಿತು ಬಂದ ರೈಲನ್ನೇ ಒಡೆದುಹಾಕುವುದನ್ನು ಕಂಡು ಅವರು ಬೆರಗಾಗುತ್ತಾರೆ. ಇವರು ಯಾರು, ಯಾಕೆ ಹೀಗೆ ಎಂದು ತಿಳಿಯಲು ವರ್ಷಗಟ್ಟಲೆ ಅವರ ಜೊತೆಯೇ ಅಲೆಯುತ್ತಾರೆ. 1984ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಹಿಂದೆ ಇಟಲಿಯ ಟ್ಯುರಿನ್ ನಗರಕ್ಕೆ ಹೋದ ಗುಂಪಿನಲ್ಲಿ ಅವರೂ ಇದ್ದರು. ಆ ರಾತ್ರಿ ಬೀದಿಗಳಲ್ಲಿ ನಡೆದ ಹೊಡೆದಾಟದ ವರ್ಣನೆಯೇ ಪುಸ್ತಕದ ತಿರುಳು. ಕೊನೆಗೆ 1990ರ ವಿಶ್ವಕಪ್‌ನಲ್ಲಿ ಸಾರ್ಡಿನಿಯಾ ದ್ವೀಪದಲ್ಲಿ ಇಟಲಿಯ ಪೊಲೀಸರು ಓಡಿಬಂದಾಗ, ನೆಲಕ್ಕೆ ಬಿದ್ದ ಬುಫೋರ್ಡರನ್ನೂ ಬಡಿಯುತ್ತಾರೆ. ಆ ಲಾಠಿಗೆ ಪತ್ರಕರ್ತ ಯಾರು, ಪುಂಡ ಯಾರು ಎಂಬುದು ಗೊತ್ತಿರಲಿಲ್ಲ.

ಪುಸ್ತಕದ ದೊಡ್ಡ ಗುಣ ಅದರ ಪ್ರಾಮಾಣಿಕತೆ. ನಿರುದ್ಯೋಗ, ಬಡತನ, ಕುಡಿತ ಎಂಬ ಸಿದ್ಧ ಉತ್ತರಗಳನ್ನು ಬುಫೋರ್ಡ್ ಸುಲಭಕ್ಕೆ ಒಪ್ಪುವುದಿಲ್ಲ. ಅವರು ಕಂಡ ಪುಂಡರಲ್ಲಿ ಅನೇಕರಿಗೆ ಕೆಲಸವಿತ್ತು, ಕೈಯಲ್ಲಿ ಕಾಸಿತ್ತು. ಅವರನ್ನು ಎಳೆದದ್ದು ಗುಂಪಿನಲ್ಲಿ ತಾನು ಕರಗಿಹೋಗುವ ಸುಖ. ಆ ಸುಖ ತಮಗೂ ತಟ್ಟಿತೆಂದು ಬರೆಯಲು ಅವರು ನಾಚುವುದಿಲ್ಲ. ನಮ್ಮಲ್ಲಿ ಕೋಮುಗಲಭೆಗಳ ಬಗ್ಗೆ ಬರೆಯುವವರಿಗೆ ಈ ಧೈರ್ಯ ಕಡಿಮೆ. ಗಲಭೆಯಲ್ಲಿ ಕಲ್ಲೆಸೆದವನಿಗೆ ಒಂದು ಗಳಿಗೆಯ ಮಟ್ಟಿಗೆ ಹಬ್ಬದ ಆನಂದವೂ ಇತ್ತು ಎಂಬ ಕಹಿಸತ್ಯವನ್ನು ನಾವು ಬರೆಯದೆ ಬಿಡುತ್ತೇವೆ.

ಆದರೆ ಪುಸ್ತಕದ ದೋಷವೂ ದೊಡ್ಡದು. ಅದು ಶೀರ್ಷಿಕೆಯಿಂದಲೇ ಶುರುವಾಗುತ್ತದೆ. 'ಥಗ್' ಇಂಗ್ಲಿಷಿನ ಮೂಲಪದವಲ್ಲ, ನಮ್ಮಿಂದ ಹೋದ ಪದ. ಉರ್ದುವಿನಲ್ಲಿ 'ಠಗ್' ಎಂದರೆ ಮೋಸಗಾರ. ನಮ್ಮ ಕನ್ನಡದ 'ಠಕ್ಕ' ಅದೇ ಬಳ್ಳಿಯ ಕಾಯಿ. ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ 1836ರಲ್ಲಿ ಠಗ್ಗರ ವಿರುದ್ಧ ಒಂದು ಕಾಯ್ದೆ ತಂದಿತು. ಅದರ ವಿಶೇಷವೆಂದರೆ, ಒಬ್ಬ ಕೊಂದನೇ, ದೋಚಿದನೇ ಎಂದು ಸಾಬೀತು ಮಾಡುವ ಅಗತ್ಯವಿರಲಿಲ್ಲ. ಆತ ಎಂದಾದರೂ ಠಗ್ಗರ ಗುಂಪಿಗೆ ಸೇರಿದ್ದ ಎಂದು ಸಾಬೀತಾದರೆ ಸಾಕು, ಜೀವಾವಧಿ ಶಿಕ್ಷೆ. ಮಾಡಿದ್ದಕ್ಕಲ್ಲ, ಸೇರಿದ್ದಕ್ಕೆ ಶಿಕ್ಷೆ. ಇದೇ ಆಲೋಚನೆ ಬೆಳೆದು 1871ರಲ್ಲಿ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕರೆದ ಕ್ರಿಮಿನಲ್ ಬುಡಕಟ್ಟುಗಳ ಕಾಯ್ದೆಯಾಯಿತು. ಅದು ರದ್ದಾಗಲು ಸ್ವತಂತ್ರ ಭಾರತ 1952ರ ತನಕ ಕಾಯಬೇಕಾಯಿತು. ಬುಫೋರ್ಡ್ ಈ ಪದವನ್ನು ಎತ್ತಿಕೊಂಡಾಗ ಅದರ ಬೆನ್ನಿಗಂಟಿದ ಈ ಚರಿತ್ರೆಯನ್ನು ಗಮನಿಸುವುದಿಲ್ಲ. ಹಾಗಾಗಿ ಅವರ ಪುಸ್ತಕದಲ್ಲಿ ಗುಂಪು ಒಂದು ಮೃಗವಾಗಿ ಉಳಿಯುತ್ತದೆ. ಅದರೊಳಗೆ ಕಲ್ಲೆಸೆದವನು, ಎಸೆಯಬೇಡ ಎಂದವನು, ಮಗನ ಕೈಹಿಡಿದು ಗೇಟು ಹುಡುಕುತ್ತಿದ್ದವನು ಬೇರೆಬೇರೆಯಾಗಿ ಕಾಣುವುದು ಅಪರೂಪ.

ನನಗೆ ಇದು ತಟ್ಟನೆ ಕಂಡದ್ದಕ್ಕೆ ಕಾರಣ ನನ್ನ ಊರು. ಮಾರಿಕುಪ್ಪಂ ಇರುವುದು ಕೋಲಾರ ಚಿನ್ನದ ಗಣಿಯ ಸೀಮೆಯಲ್ಲಿ. ಇಲ್ಲಿ ನೆಲದಡಿಯಿಂದ ಮೇಲೆ ಬಂದ ಪ್ರತಿ ಕಾರ್ಮಿಕನೂ ಚಿನ್ನ ಕದ್ದಿರಬಹುದಾದ ಶಂಕಿತ. ಶಿಫ್ಟ್ ಮುಗಿಸಿ ಬಂದವನ ಮೈ ತಡಕುವುದು ದಿನನಿತ್ಯದ ಪದ್ಧತಿ. ಕಲ್ಕತ್ತೆಯಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಪೊಲೀಸರ ಬುದ್ಧಿವಂತಿಕೆಯಿಂದ ರೂಪುಗೊಂಡು, ಅವರ ಇಂಗ್ಲಿಷ್ ಮೇಲಧಿಕಾರಿ ಹೆನ್ರಿಯ ಹೆಸರಿನಲ್ಲಿ ಜಗತ್ತಿಗೆ ಹೋದ ಬೆರಳಚ್ಚಿನ ವಿದ್ಯೆ ನಮ್ಮ ಗಣಿಗೂ ಬಂತು. ಪ್ರತಿ ಕಾರ್ಮಿಕನ ಬೆರಳಚ್ಚು ತೆಗೆದು ನೋಂದಾಯಿಸಲು ಕಂಪನಿಗಳು ಹೊರಟಾಗ, 1930ರಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಕಳ್ಳರ ಬೆರಳಚ್ಚು ತೆಗೆಯಿರಿ, ದುಡಿಯುವವರದ್ದು ಯಾಕೆ ಎಂಬುದೇ ಆ ಮುಷ್ಕರದ ಒಳಗಿನ ಪ್ರಶ್ನೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆದರೆ ಕೋಲಾರ ಜಿಲ್ಲೆಯೊಳಗೇ ಕೆಜಿಎಫ್‌ಗೆ ಪ್ರತ್ಯೇಕ ಪೊಲೀಸ್ ವರಿಷ್ಠಾಧಿಕಾರಿ ಇರುವ ಏರ್ಪಾಡು ಉಳಿದುಕೊಂಡಿದೆ. ಆಮೇಲೆ ಸಿನಿಮಾ ಬಂದು ನಮ್ಮೂರಿನ ಹೆಸರನ್ನು ಲೋಕಕ್ಕೆಲ್ಲ ಕೊಡಲಿ, ಬಂದೂಕಿನ ಜೊತೆ ಪರಿಚಯಿಸಿತು.

ಈಗ ಇಂಗ್ಲೆಂಡಿಗೆ ಮರಳೋಣ. ಬುಫೋರ್ಡ್ ಅಲೆಯುತ್ತಿದ್ದ ಕಾಲದಲ್ಲೇ, 1985ರ ಮೇ 29ರಂದು, ಬ್ರಸೆಲ್ಸ್‌ನ ಹೈಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಎದುರಾಳಿ ತಂಡದ ಪ್ರೇಕ್ಷಕರ ಮೇಲೆ ನುಗ್ಗಿದಾಗ ಗೋಡೆ ಕುಸಿಯಿತು. 39 ಜನ ಸತ್ತರು. ಬಹುಪಾಲು ಇಟಲಿಯವರು. ಇದು ನಿಜವಾದ ಅಪರಾಧ. ಇದಕ್ಕಾಗಿ 14 ಮಂದಿಗೆ 1989ರಲ್ಲಿ ಬೆಲ್ಜಿಯಂ ನ್ಯಾಯಾಲಯ ಶಿಕ್ಷೆ ವಿಧಿಸಿತು. ಆದರೆ ಅದಕ್ಕೂ ಎಷ್ಟೋ ಮೊದಲೇ ಇಂಗ್ಲೆಂಡಿನ ಎಲ್ಲ ಕ್ಲಬ್‌ಗಳೂ ಯುರೋಪಿನ ಪಂದ್ಯಗಳಿಂದ ಹೊರಬಿದ್ದಿದ್ದವು. ಆ ನಿಷೇಧ ಐದು ವರ್ಷ ನಡೆಯಿತು. ಥ್ಯಾಚರ್ ಸರ್ಕಾರ 1989ರ ಫುಟ್ಬಾಲ್ ಪ್ರೇಕ್ಷಕರ ಕಾಯ್ದೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪಂದ್ಯ ನೋಡಬೇಕೆನ್ನುವ ಪ್ರತಿಯೊಬ್ಬನೂ ಗುರುತಿನ ಚೀಟಿ ಪಡೆಯಬೇಕು ಎಂಬ ಯೋಜನೆ ಅದು. ಓದುವಾಗ ನನಗೆ ನಗು ಬಂತು. ಮಾರಿಕುಪ್ಪಂನ ಗಣಿಕಾರ್ಮಿಕ 1930ರಲ್ಲಿ ಬೇಡವೆಂದದ್ದನ್ನು ಅರವತ್ತು ವರ್ಷಗಳ ಬಳಿಕ ಇಂಗ್ಲೆಂಡಿನ ಕೂಲಿಕಾರ್ಮಿಕನ ಮೇಲೆ ಹೇರಲು ಹೊರಟಿದ್ದರು.

ಇಡೀ ಗುಂಪನ್ನು ಶಂಕಿಸಿದರೆ ಏನಾಗುತ್ತದೆ ಎಂಬುದಕ್ಕೆ ಅದೇ ವರ್ಷದ ಏಪ್ರಿಲ್ 15 ಸಾಕ್ಷಿ. ಶೆಫೀಲ್ಡ್ ನಗರದ ಹಿಲ್ಸ್‌ಬರೋ ಮೈದಾನದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ ಸೆಮಿಫೈನಲ್. ಗೇಟಿನ ಹೊರಗೆ ನೂಕುನುಗ್ಗಲು ಹೆಚ್ಚಿದಾಗ ಪೊಲೀಸ್ ಅಧಿಕಾರಿ ದೊಡ್ಡ ಗೇಟೊಂದನ್ನು ತೆರೆಯಲು ಹೇಳಿದ. ಜನ ಒಳಗೆ ಹರಿದರು. ಎದುರಿಗಿದ್ದ ಸುರಂಗದಂಥ ದಾರಿ ಅವರನ್ನು ಆಗಲೇ ತುಂಬಿಹೋಗಿದ್ದ ಕಟಕಟೆಗಳಿಗೆ ತಂದುಬಿಟ್ಟಿತು. ಪುಂಡರು ಮೈದಾನಕ್ಕೆ ಇಳಿಯಬಾರದೆಂದು ಹಾಕಿದ್ದ ಕಬ್ಬಿಣದ ಬೇಲಿಗೆ ಒತ್ತಿ ಜನ ಉಸಿರುಗಟ್ಟಿದರು. ಬೇಲಿ ಹತ್ತಿ ಬರುತ್ತಿದ್ದವರನ್ನು ಕಂಡ ಪೊಲೀಸರಿಗೆ ಮೊದಲಿಗೆ ಕಂಡದ್ದು ಪುಂಡಾಟಿಕೆ, ಪ್ರಾಣಭಿಕ್ಷೆ ಅಲ್ಲ. ಕಾಲಾಂತರದಲ್ಲಿ ಸತ್ತವರ ಸಂಖ್ಯೆ 97ಕ್ಕೆ ಮುಟ್ಟಿತು.

ಅಭಿಮಾನಿಗಳೇ ಗೇಟು ಮುರಿದರು ಎಂದು ಆ ಅಧಿಕಾರಿ ಅಂದೇ ಸುಳ್ಳು ಹೇಳಿದ. ನಾಲ್ಕು ದಿನಕ್ಕೆ 'ದಿ ಸನ್' ಪತ್ರಿಕೆ, ಅಭಿಮಾನಿಗಳು ಸತ್ತವರ ಜೇಬು ದೋಚಿದರೆಂದು 'ಸತ್ಯ' ಎಂಬ ತಲೆಬರಹದಡಿ ಬರೆಯಿತು. ಪೊಲೀಸರ 164 ಹೇಳಿಕೆಗಳನ್ನು ತಿದ್ದಲಾಗಿತ್ತು ಎಂದು ಸ್ವತಂತ್ರ ಸಮಿತಿ ಬಯಲು ಮಾಡಿದ್ದು 2012ರಲ್ಲಿ. ಇದು ಕಾನೂನುಬಾಹಿರ ಹತ್ಯೆ, ಅಭಿಮಾನಿಗಳದ್ದು ತಪ್ಪಿಲ್ಲ ಎಂದು ತೀರ್ಪುಗಾರರ ಮಂಡಳಿ ಹೇಳಿದ್ದು 2016ರಲ್ಲಿ. ಇಪ್ಪತ್ತೇಳು ವರ್ಷ ಆ ಊರಿನ ತಾಯಂದಿರು ಸತ್ತ ಮಕ್ಕಳಿಗಾಗಿ ಅಳುವ ಜೊತೆಗೆ ಆ ಮಕ್ಕಳು ಪುಂಡರಲ್ಲ ಎಂದು ಸಾಬೀತು ಮಾಡುವ ಕೆಲಸವನ್ನೂ ಮಾಡಬೇಕಾಯಿತು. ಶಂಕಿತ ಊರಲ್ಲಿ ಹುಟ್ಟಿದವರಿಗೆ, ಶಂಕಿತ ಹೆಸರಿಟ್ಟುಕೊಂಡವರಿಗೆ ಈ ಕೆಲಸದ ಭಾರ ವಿವರಿಸಿ ಹೇಳಬೇಕಿಲ್ಲ. ಗುರುತಿನ ಚೀಟಿಯ ಯೋಜನೆಯನ್ನು ಕೈಬಿಡಿ ಎಂದು ನ್ಯಾಯಮೂರ್ತಿ ಟೇಲರ್ 1990ರ ವರದಿಯಲ್ಲಿ ಹೇಳಿದರು. ಬೇಲಿ ತೆಗೆಯಿರಿ, ಜನ ಕೂರಲು ಕುರ್ಚಿ ಹಾಕಿ ಎಂದರು. ಪ್ರೇಕ್ಷಕನನ್ನು ಮನುಷ್ಯನಂತೆ ಕಂಡರೆ ಆತ ಮನುಷ್ಯನಂತೆ ನಡೆದುಕೊಳ್ಳುತ್ತಾನೆ ಎಂಬುದು ಆ ವರದಿಯ ಒಟ್ಟು ಧ್ವನಿ.

ಇಲ್ಲಿ ನನ್ನ ಬಾಲ್ಯದ ಒಂದು ಸಂಗತಿ ಹೇಳಬೇಕು. ನನಗಾಗ ಹನ್ನೆರಡೋ ಹದಿಮೂರೋ. ಗಣಿ ಕಾರ್ಮಿಕರ ಮನೆಸಾಲುಗಳಿಗೆ ನಮ್ಮಲ್ಲಿ 'ಲೈನ್' ಎನ್ನುತ್ತಾರೆ. ಸೈನೈಡ್ ಮಣ್ಣಿನ ದಿಬ್ಬದ ಪಕ್ಕದ ಬಯಲಲ್ಲಿ ನಮ್ಮ ಲೈನ್‌ಗೂ ಪಕ್ಕದ ಲೈನ್‌ಗೂ ಫೈನಲ್ ಪಂದ್ಯ. ಕೊನೆಯ ಗಳಿಗೆಯಲ್ಲಿ ರೆಫರಿ ನಮ್ಮ ವಿರುದ್ಧ ಪೆನಾಲ್ಟಿ ಕೊಟ್ಟ. ನಮ್ಮ ಕಡೆಯಿಂದ ಒಂದು ಕಲ್ಲು ಹಾರಿತು. ಗೆರೆ ಕಾಯುತ್ತಿದ್ದವನ ಹಣೆ ಒಡೆದು ರಕ್ತ ಬಂತು. ಕಲ್ಲೆಸೆದವನು ನನ್ನ ಪಕ್ಕದಲ್ಲೇ ನಿಂತಿದ್ದ. ಅವನ ಕೈಯನ್ನು ನಾನು ಕಣ್ಣಾರೆ ಕಂಡೆ. ಅಂದು ಸಂಜೆ ಇಡೀ ಲೈನ್ ಅವನಿಗೆ ಉಗಿಯಿತು. ಅವನ ತಾಯಿ ಎಲ್ಲರೆದುರು ಕಪಾಳಕ್ಕೆ ಬಿಗಿದಳು. ಯಾರಾದರೂ ಬಂದು ಎಸೆದವನು ಯಾರು ಎಂದು ಅಂದೇ ಕೇಳಿದ್ದರೆ ಹತ್ತು ಬಾಯಿ ಒಟ್ಟಿಗೆ ಹೇಳುತ್ತಿದ್ದವು.

ಯಾರೂ ಕೇಳಲಿಲ್ಲ. ಮರುದಿನ ಪಂದ್ಯಾವಳಿ ನಡೆಸುವವರು ನಮ್ಮ ಇಡೀ ಲೈನ್ ಅನ್ನು ಎರಡು ವರ್ಷ ನಿಷೇಧಿಸಿದರು. ನಮ್ಮ ತಂಡ ಆಡುವಂತಿಲ್ಲ, ನಮ್ಮ ಹುಡುಗರು ನೋಡಲೂ ಬರುವಂತಿಲ್ಲ. ಆ ಗಳಿಗೆಯಿಂದ ಎಲ್ಲ ತಿರುಗಿತು. ನಿನ್ನೆ ಉಗಿಸಿಕೊಂಡವನು ಇಂದು ನಮ್ಮವನಾದ, ನಮಗೆ ಅನ್ಯಾಯ ಮಾಡಿದವರಿಗೆ ಕಲ್ಲೆಸೆದ ವೀರನಾದ. ಅವನ ಹೆಸರು ಹೇಳುವುದು ದ್ರೋಹವಾಯಿತು. ನಾನೂ ಹೇಳಲಿಲ್ಲ. ನಿಜವಾಗಿ ಶಿಕ್ಷೆ ಅನುಭವಿಸಿದವನು ನಮ್ಮ ತಂಡದ ನಾಯಕ. ಕಲ್ಲು ಹಾರಿದಾಗ ಆತ ಮೈದಾನದ ನಡುವೆ ಚೆಂಡಿನ ಬಳಿ ನಿಂತಿದ್ದ. ಅವನ ಆಟದ ಎರಡು ಒಳ್ಳೆಯ ವರ್ಷಗಳು ಹೋದವು. ಗಣಿ ಮುಚ್ಚಿದ ಮೇಲೆ ನಮ್ಮೂರಿನ ಸಾವಿರಾರು ಜನರಂತೆ ಅವನೂ ದಿನಾ ರೈಲು ಹತ್ತಿದ. ಬೆಂಗಳೂರಿನಲ್ಲಿ ಸೆಕ್ಯುರಿಟಿ ಗಾರ್ಡ್ ಕೆಲಸ. ಗೇಟಿನಲ್ಲಿ ನಿಂತು ಬಂದವರ ಚೀಲ ತಡಕುವುದೇ ಅವನ ನೌಕರಿಯಾಯಿತು.

ಬುಫೋರ್ಡರ ಪುಸ್ತಕ ಹೇಳದೆ ಬಿಟ್ಟದ್ದನ್ನು ನಾನು ಕಲಿತದ್ದು ಆ ದಿಬ್ಬದ ಪಕ್ಕ. ಗುಂಪಿಗೆ ಶಿಕ್ಷೆ ಕೊಟ್ಟರೆ ಗುಂಪು ಗಟ್ಟಿಯಾಗುತ್ತದೆ, ತಪ್ಪಿತಸ್ಥ ಅದರ ಮಡಿಲಲ್ಲಿ ಅಡಗುತ್ತಾನೆ.

ಇಂಗ್ಲೆಂಡ್ ಇದನ್ನು ತಡವಾಗಿ ಕಲಿಯಿತು, ಅದೂ ಅರ್ಧ. 1991ರ ಫುಟ್ಬಾಲ್ ಅಪರಾಧಗಳ ಕಾಯ್ದೆ ಮೂರು ಕೃತ್ಯಗಳನ್ನು ಹೆಸರಿಟ್ಟು ಹೇಳಿತು: ವಸ್ತು ಎಸೆಯುವುದು, ಅಸಭ್ಯ ಅಥವಾ ಜನಾಂಗದ್ವೇಷದ ಕೂಗು ಹಾಕುವುದು, ಅನುಮತಿಯಿಲ್ಲದೆ ಮೈದಾನಕ್ಕೆ ಇಳಿಯುವುದು. ಮಾಡಿದವನ ಮೇಲೆ ನ್ಯಾಯಾಲಯ ವರ್ಷಗಟ್ಟಲೆ ಪಂದ್ಯ ನಿಷೇಧ ಹೇರಬಹುದು, ಹೊರದೇಶದಲ್ಲಿ ಪಂದ್ಯವಿದ್ದಾಗ ಪಾಸ್‌ಪೋರ್ಟ್ ಒಪ್ಪಿಸಿಕೊಳ್ಳಬಹುದು. ಇದು ಕೈಯನ್ನು ಹಿಡಿಯುವ ಕಾನೂನು. ಆದರೆ 2000ದಲ್ಲಿ ಅದೇ ದೇಶ, ಯಾವ ಅಪರಾಧವೂ ಸಾಬೀತಾಗದವನ ಮೇಲೂ ಪೊಲೀಸರ ದೂರಿನಿಂದಲೇ ಇಂಥ ನಿಷೇಧ ಹೇರಬಹುದೆಂದು ತಿದ್ದುಪಡಿ ತಂದಿತು. ನಮ್ಮ ರಾಜ್ಯದಲ್ಲೂ 1985ರ ಗೂಂಡಾ ಕಾಯ್ದೆಯಡಿ ವಿಚಾರಣೆಯಿಲ್ಲದೆ ಹನ್ನೆರಡು ತಿಂಗಳ ತನಕ ಬಂಧನದಲ್ಲಿಡಬಹುದು. ಉರ್ದುವಿನಲ್ಲಿ 'ಮುಲ್ಜಿಮ್' ಎಂದರೆ ಆರೋಪಿ, 'ಮುಜ್ರಿಮ್' ಎಂದರೆ ಅಪರಾಧಿ. ಎರಡರ ನಡುವೆ ಒಂದು ನ್ಯಾಯಾಲಯ ಇರಬೇಕು. ಶಾಲೆಯಲ್ಲಿ ಈ ಎರಡು ಪದಗಳನ್ನು ಅದಲುಬದಲು ಬರೆದರೆ ನಮ್ಮ ಉಸ್ತಾದರು ಕಿವಿ ಹಿಂಡುತ್ತಿದ್ದರು. ಇಂದು ಟಿವಿಯಲ್ಲಿ ಓದುವವರ ಕಿವಿ ಹಿಂಡುವವರು ಯಾರೂ ಇಲ್ಲ.

ನಮ್ಮ ದೇಶದ ಫುಟ್ಬಾಲಿನಲ್ಲೂ ರಕ್ತದ ಕಲೆಯಿದೆ. 1980ರ ಆಗಸ್ಟ್ 16ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಪಂದ್ಯದ ವೇಳೆ ಗ್ಯಾಲರಿಯಲ್ಲಿ ಹೊಡೆದಾಟವೆದ್ದು 16 ಮಂದಿ ಸತ್ತರು. 2012ರ ಡಿಸೆಂಬರ್‌ನಲ್ಲಿ ಅದೇ ತಂಡಗಳ ಪಂದ್ಯದಲ್ಲಿ ಗ್ಯಾಲರಿಯಿಂದ ಬಂದ ಕಲ್ಲೊಂದು ಆಟಗಾರ ರಹೀಂ ನಬಿಯ ಮುಖಕ್ಕೆ ಬಡಿಯಿತು. ಆಮೇಲೆ ತಿಂಗಳುಗಟ್ಟಲೆ ನಡೆದ ಚರ್ಚೆ, ದ್ವಿತೀಯಾರ್ಧ ಆಡಲು ನಿರಾಕರಿಸಿದ ಮೋಹನ್ ಬಗಾನ್‌ಗೆ ನಿಷೇಧ ಎಷ್ಟು, ದಂಡ ಎಷ್ಟು ಎಂಬುದರದ್ದು. ಕಲ್ಲಿನ ಚರ್ಚೆ ಕಡಿಮೆ. ಹಾಗೆಂದು ಧರ್ಮದ ಹೆಸರಿನ, ಊರಿನ ಹೆಸರಿನ ತಂಡ ಕಟ್ಟಿದರೆ ಗಲಭೆಯೇ ಗತಿ ಎಂದು ಹೇಳಲಾಗದು. 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದು ಬಂದ ತಂಡದ ಹೆಸರು 'ಬೆಂಗಳೂರು ಮುಸ್ಲಿಮ್ಸ್'. ಅದು ಇಡೀ ಬೆಂಗಳೂರಿಗೇ ಹೆಮ್ಮೆ ತರುವ ಚರಿತ್ರೆ.

ಇನ್ನು ನಮ್ಮ ಕಾಲದ ಬೆಂಗಳೂರು. 2025ರ ಜೂನ್ 4ರಂದು, ಆರ್‌ಸಿಬಿ ಐಪಿಎಲ್ ಗೆದ್ದ ಮರುದಿನ, ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಆಟ ಫುಟ್ಬಾಲಲ್ಲ, ಕ್ರಿಕೆಟ್. ಆದರೆ ಗೇಟು ಅದೇ ಹಿಲ್ಸ್‌ಬರೋದ ಗೇಟು. ಒಳಗೆ ಸುಮಾರು ಮೂವತ್ತೈದು ಸಾವಿರ ಜನರಿಗೆ ಜಾಗ, ಬಂದವರು ಲಕ್ಷಾಂತರ. ಆಮೇಲೆ ಪೊಲೀಸ್ ಕಮಿಷನರ್ ಅಮಾನತಾದರು, ಫ್ರಾಂಚೈಸಿಯ ಅಧಿಕಾರಿಯ ಬಂಧನವಾಯಿತು, ತನಿಖಾ ಆಯೋಗ ಬಂತು, ಜನಸಂದಣಿ ನಿಯಂತ್ರಣಕ್ಕೆ ಮಸೂದೆಯೂ ಬಂತು. ಇವೆಲ್ಲ ಬೇಕು. ಆದರೂ ಮೊದಲ ದಿನಗಳಲ್ಲಿ ನನ್ನ ಕಿವಿಗೆ ಬಿದ್ದ ಮಾತು, "ಆ ಹುಡುಗರಿಗೆ ಅಲ್ಲಿ ಏನು ಕೆಲಸವಿತ್ತು?" ಎಂಬುದು. ಸತ್ತವನನ್ನೇ ಮುಲ್ಜಿಮ್ ಮಾಡುವ ಈ ಚಾಳಿಗೆ ದೇಶಭಾಷೆಗಳ ಗಡಿಯಿಲ್ಲ.

ಇದಕ್ಕೆ ಐದು ವಾರ ಮೊದಲು, 2025ರ ಏಪ್ರಿಲ್ 27ರಂದು, ಮಂಗಳೂರಿನ ಹೊರವಲಯದ ಕುಡುಪುವಿನಲ್ಲಿ ಸ್ಥಳೀಯ ಕ್ರಿಕೆಟ್ ಪಂದ್ಯಾವಳಿ ನಡೆಯುತ್ತಿತ್ತು. ಗುಜರಿ ಆಯ್ದು ಬದುಕುತ್ತಿದ್ದ ವಯನಾಡ್ ಮೂಲದ ಮುಸ್ಲಿಮ್ ವ್ಯಕ್ತಿಯೊಬ್ಬನನ್ನು ಅಲ್ಲಿದ್ದವರ ಗುಂಪು ಹೊಡೆದು ಕೊಂದಿತು. ಪೊಲೀಸರು ಮೊದಲು ದಾಖಲಿಸಿದ್ದು ಅಸ್ವಾಭಾವಿಕ ಸಾವು ಎಂದು. ಮರಣೋತ್ತರ ಪರೀಕ್ಷೆಯ ಬಳಿಕವಷ್ಟೇ ಗುಂಪುಹತ್ಯೆಯ ಪ್ರಕರಣ ದಾಖಲಾಯಿತು. ಹಲವರ ಬಂಧನವಾಯಿತು, ಕರ್ತವ್ಯಲೋಪಕ್ಕಾಗಿ ಇನ್‌ಸ್ಪೆಕ್ಟರ್ ಸೇರಿ ಮೂವರು ಪೊಲೀಸರು ಅಮಾನತಾದರು. ಆದರೆ ಆತ ಪಾಕಿಸ್ತಾನದ ಪರ ಘೋಷಣೆ ಕೂಗಿದನಂತೆ ಎಂಬ ಮಾತು ಗೃಹ ಸಚಿವರ ಬಾಯಿಂದಲೂ ಬಂತು. 2017ರ ಚಾಂಪಿಯನ್ಸ್ ಟ್ರೋಫಿ ಫೈನಲ್ ಬಳಿಕ ಮಧ್ಯಪ್ರದೇಶದ ಬುರ್ಹಾನ್‌ಪುರ ಜಿಲ್ಲೆಯಲ್ಲಿ ಹೀಗೇ ಕೂಗಿದರೆಂದು ಒಂದು ಹಳ್ಳಿಯ ಮುಸ್ಲಿಮರ ಮೇಲೆ ಮೊದಲು ರಾಜದ್ರೋಹದ ಕೇಸು ಬಿತ್ತು. ಅವರು ಖುಲಾಸೆಯಾಗಲು 2023 ಬರಬೇಕಾಯಿತು.

ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕೂಗಿದರೆಂಬ ಆರೋಪಕ್ಕೆ ಒಂದೇ ದಿನದಲ್ಲಿ ರಾಜದ್ರೋಹ. ಕೊಂದದ್ದಕ್ಕೆ ಮೊದಲ ದಿನ ಅಸ್ವಾಭಾವಿಕ ಸಾವು. ಒಂದು ಗುಂಪು ಹೆಸರಿನಿಂದಲೇ ಶಂಕಿತ, ಇನ್ನೊಂದು ಗುಂಪು ಕೃತ್ಯದ ಬಳಿಕವೂ ಮುಗ್ಧ. ಆದರೂ ಇದರ ಪರಿಹಾರ, ಆ ಊರಿನವರೆಲ್ಲ ಕೊಲೆಗಡುಕರು ಎಂದು ನಾವು ತಿರುಗಿಸಿ ಕೂಗುವುದಲ್ಲ. ಅದು ಮತ್ತೆ 1836ರ ಕಾಯ್ದೆಯೇ. ಆ ಮೈದಾನದಲ್ಲಿ ಹೊಡೆದ ಕೈಗಳೆಷ್ಟು, ತಡೆದ ಕೈಗಳೆಷ್ಟು, ಜೇಬಿನಲ್ಲೇ ಉಳಿದ ಕೈಗಳೆಷ್ಟು ಎಂದು ಒಂದೊಂದಾಗಿ ಎಣಿಸುವುದು ಪೊಲೀಸರ ಕೆಲಸ. ಅದು ಬೇಸರದ, ನಿಧಾನದ ಕೆಲಸ. ನ್ಯಾಯ ಎಂದರೆ ಆ ಎಣಿಕೆಯೇ.

ಬುಫೋರ್ಡರ ಪುಸ್ತಕವನ್ನು ಓದಲೇಬೇಕು. ಗುಂಪಿನ ಸುಖ ಎಷ್ಟು ಅಪಾಯಕಾರಿ ಎಂದು ಅಷ್ಟು ಹತ್ತಿರದಿಂದ ಹೇಳಿದವರು ಕಡಿಮೆ. ಆದರೆ ಕೊನೆಯಲ್ಲಿ ಅವರು ನೆಲಕ್ಕೆ ಬಿದ್ದು ಲಾಠಿಯೇಟು ತಿನ್ನುವ ಪುಟಗಳಿಂದ ಓದು ಶುರುಮಾಡಿ ಎಂದು ನಾನು ಹೇಳುತ್ತೇನೆ. ಗುಂಪಿನೊಳಗೆ ಒಬ್ಬ ಮನುಷ್ಯನೂ ಇದ್ದಾನೆ ಎಂಬುದು ಅಲ್ಲಿ, ಅವರದೇ ಬೆನ್ನಿನ ಮೇಲೆ, ಬರೆಯಲ್ಪಟ್ಟಿದೆ.

ಮಧ್ಯಾಹ್ನ ಎದ್ದ ಅಳಿಯ ಚಹಾ ಕುಡಿಯುತ್ತಾ ಮತ್ತೆ ಕೇಳಿದ, "ಆ ಪುಸ್ತಕದಲ್ಲಿ ಕೊನೆಗೆ ಏನಾಗುತ್ತೆ ಮಾಮು?" ನಾನು ಅವನಿಗೆ ಪುಸ್ತಕದ ಕಥೆ ಹೇಳಲಿಲ್ಲ. ನಮ್ಮ ಲೈನ್‌ನ ಕಲ್ಲಿನ ಕಥೆ ಹೇಳಿದೆ. ಕೇಳಿ ಮುಗಿಸಿ, "ಆ ಹೆಸರು ಈಗಲಾದರೂ ಹೇಳು" ಅಂದ. ಮೂವತ್ತು ವರ್ಷ ಕಳೆದಿವೆ. ನನ್ನ ಬಾಯಿಂದ ಇನ್ನೂ ಅದು ಹೊರಡಲಿಲ್ಲ.